ಹಿಂದಿಂದು ತಗಿಯೂ ಕೆಲಸ

ಏನ್ ಕೆಲಸಾ ಮಾಡ್ತೀಯವಾ, ಅಂತ ಕೇಳಿದ್ರು
ರೇಶನ್ ಕಾರ್ಡ್ ತಿದ್ದೂ ಸಾಹೇಬ್ರು.
ಅಳಸೂದ್ರಿ, ಅಂದೆ.
ಕನ್ನಡಕ ಮ್ಯಾಲೇರಿಸಿ ಒಂದ್ ಘಳಿಗಿ ನೋಡಿ
'ಗೃಹಿಣಿ' ಅಂತ ಬರಕೊಂಡ್ರು.

ಖರೇನ ಹೇಳಿದ್ದೆ.
ಬೂಟಿನ ಹಿಂದಿನ ಗ್ವಾಡಿ ಅಳಸೂದು,
ಶಾಂಪೂ ಬಾಟ್ಲಿ ಕೆಳಗಿನ ಟೇಬಲ್ಲು,
ಉಂಗುರದಾಗ ಮೂಡಿದ
ಫೋಟೋ ತಗಿಯಾವನ ಮಾರಿ.
ಚಿತ್ರಕ್ಕ ನಲವತ್ತು ಸೆಂಟು.
ಐದರಾಗ ಒಂದು ಪಾಲು ಕಂಪನಿ ಮುರಕೋತೈತಿ,
ಡಾಲರ್ ಒಡಿಯೂ ಮುಂದ ಬ್ಯಾಂಕು ಇನ್ನೊಂದು ಚೂರು,
ಉಳಿದದ್ದು ನಂದು, ಅಂದ್ರ
ಮಗಳ ವ್ಯಾನಿನಾವಂದು.

ಕಲ್ತದ್ದು ಮುಳಗುಂದ ನಾಕಾದ ಫ್ಲೆಕ್ಸ್ ಅಂಗಡ್ಯಾಗ,
ಶಿವಲಿಂಗಪ್ಪ ಕಾಕಾನ ಕಡೆ.
ಅಲ್ಲಿ ಕೆಲಸ ಉಲ್ಟಾ ಇತ್ತು:
ಹ್ವಾದವ್ರನ್ನ ಹೊಳ್ಳಿ ತರೂದು.
ಮುಂಜಾನೆ ಆರಕ್ಕ ಬರ್ತಿದ್ರು ಮಂದಿ,
ಕೈಯಾಗ ಯಾರದೋ ಲಗ್ನದ ಫೋಟೋ.
'ಇಗಾ ಇಲ್ಲಿ, ಮೂರನೇ ಸಾಲಿನ್ಯಾಗ,
ಅರ್ಧಾ ಕಾಣಾಕತ್ತಾರಲ್ಲ, ಇವರ ನಮ್ಮಪ್ಪ.'
ಇನ್ನರ್ಧಾ ಮಾರಿ ನಾನ ಕೂಡಿಸ್ತಿದ್ದೆ.
ಹುಟ್ಟಿದಾಗಿಂದ ಧೋತರ ಬಿಟ್ಟು ಬ್ಯಾರೆ ಉಡದವ್ರಿಗೆ
ಕರೇ ಕೋಟು, ಹಿಂದ ನೀಲಿ ಮುಗಿಲು,
'ಮತ್ತೆ ಹುಟ್ಟಿ ಬಾ' ಅಂತ ಹಳದಿ ಅಕ್ಷರ.
ಒಂಬತ್ತಕ್ಕ ಮಣ್ಣು, ಎಂಟೂವರಿಗೆ ಫ್ಲೆಕ್ಸು.
ಎಂದೂ ತಡಾ ಮಾಡಲಿಲ್ಲ.

ಮಷೀನ್ ಮಾರೂ ಮುಂದ ಕಾಕಾ
ಪಗಾರದ ಬಾಕಿಗೆ ಹಳೇ ಕಂಪ್ಯೂಟರ್ ಕೊಟ್ರು.
ಎಲ್ ಒತ್ತಿದ್ರ ಎರಡ ಬೀಳ್ತಾವು.
ಸಮುದ್ರದಾಚಿ ಗಿರಾಕಿಗೆ ನಾ ಬರಿಯೂ ಹಲೋದಾಗ
ಎಲ್ಲಾ ಎಲ್ಲೂ ಡಬಲ್.

ಹ್ವಾದ ಮಂಗಳವಾರ ರಾತ್ರಿ ಬಂದದ್ದು
ಬೂಟಲ್ಲ, ಬಾಟ್ಲಿ ಅಲ್ಲ.
ನಾಲಿಗಿ ತಿರುಗದ ಹೆಸರಿನ ಊರು,
ಇಟ್ಟಂಗಿ ಮನಿ, ಮೆಟ್ಟಲ ಮ್ಯಾಲೆ ಐದು ಮಂದಿ.
'ಬಲಕ್ಕ ನಿಂತಾವನ್ನ ತಗೀರಿ.
ಗುರ್ತು ಉಳೀಬಾರದು.
ಬೆಳಗಾಗೂದ್ರಾಗ ಬೇಕು. ಆರು ಡಾಲರ್.'

ಆರು!

ಯಾಕ ಅಂತ ಕೇಳೂದು ಈ ಕೆಲಸದಾಗಿಲ್ಲ.
ಎಂಟು ಪಟ್ಟು ದೊಡ್ಡದು ಮಾಡಿದ್ರ ಮನಶಾ
ಮನಶಾ ಅಲ್ಲ, ಚೌಕಾನ ಚೌಕ,
ಬೆಟಗೇರಿ ಮಗ್ಗದವರ ನಕಾಶಿ ಹಾಳಿ ಹಂಗ.
ಮೀಸಿ ತಗದೆ, ಕೊಳ್ಳು ತಗದೆ,
ಅವನ ಹಿಂದ ಇರಬೇಕಾದ ಇಟ್ಟಂಗಿ
ಒಂದೊಂದ ಕಟಗೋತ ಬಂದೆ.
ಗೌಂಡಿ ಕೆಲಸ, ಸಿಮೆಂಟಿಲ್ಲ, ಅಷ್ಟ.

ಒಂದಕ್ಕ ನಳಾ ಬಂತು.
ಹದಿನೆಂಟ್ ದಿನಕ್ಕ ಬಂದ ನೀರು
ಯಾರ ಡೆಡ್‌ಲೈನ್ ಕಾಯ್ತೈತಿ?
ಓಣಿ ತುಂಬ ಕೊಡದ ಸಪ್ಪಳ, ಬೈಗಳ.
ಅತ್ತಿ ಪೈಪ್ ಹಿಡದ್ರು, ನಾ ಬ್ಯಾರಲ್, ಹಂಡೆ, ಡಬರಿ,
ಕಡೀಕ ದೇವರ ಮುಂದಿನ ತಂಬಿಗಿ ಸೈತ.
ಒಳಗ ಪಡದೆ ಮ್ಯಾಲೆ ಅವಂದು
ಸೊಂಟದಿಂದ ಕೆಳಗ ಬರೇ ಕಾಲು ಉಳದಿದ್ವು,
ಪಾಳೆದಾಗ ನಿಂತಂಗ.

ಮೂರಕ್ಕ ಒದ್ದಿ ಕೈ ಸೆರಗಿಗೆ ವರಸಿ ಕುಂತೆ.
ಆಗ ಕಂಡ್ವು ಬೆರಳು.
ಬಾಜೂ ನಿಂತ ಸಣ್ಣ ಹುಡುಗಿ ಹೆಗಲ ಮ್ಯಾಲೆ
ನಾಕ ಬೆರಳು.
ಕೆಳಗ ಹಸರ ಫ್ರಾಕು ಚೂರು ಮುದುಡಿತ್ತು.

ಬೆರಳು ತಗಿಯಾಕ ಎರಡ ಮಿನಿಟು.
ಮುದುಡಿದ್ದು ಸವರಾಕ ಕೈ ಏಳಲಿಲ್ಲ.
ಅರಿವಿ ಅಂದಮ್ಯಾಲೆ ಮುದುಡ್ತೈತಿ,
ಯಾರ ಕೇಳ್ತಾರ,
ಹಂಗ ಬಿಟ್ಟು ಕಳಿಸಿದೆ.

ಐದು ಚಿಕ್ಕಿ ಕೊಟ್ಟಾರ.
'ಭಾಳ ಸ್ವಚ್ಛ ಕೆಲಸ' ಅಂತ ಬರದಾರ.
ರೊಕ್ಕ ಕೈಗೆ ಬರಾಕ ಹದಿನಾಕ ದಿನಾ ಬೇಕಂತ.
ಇರಲಿ,
ನಳಾಕ್ಕಿಂತ ನಾಕ ದಿನಾ ಮೊದಲ.